ಖತೀಫಿನಲ್ಲಿ ಕೂತು ಕ್ವಿಬೆಕ್ಕಿನ ಸಂಬಂಧ ಹುಡುಕುವ ರುಕಯ್ಯಾ

ಸುಬ್ಹಿ ನಮಾಝ್ ಮುಗಿದಿದೆ, ಬೆಳಕು ಇನ್ನೂ ಹರಿದಿಲ್ಲ. ಸೌದಿಯ ಖತೀಫಿನ ಆ ಓಣಿಯ ತುದಿಯಲ್ಲಿ ರಾಸ್ ತನೂರಾದ ತೈಲ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸು ಎಂಜಿನ್ ಆರಿಸದೆ ನಿಂತಿದೆ. ಮೂರನೇ ಮಹಡಿಯ ಮನೆಯಿಂದ ನಝೀಮ್ ಬುತ್ತಿ ಹಿಡಿದು ಇಳಿದು ಹೋಗುತ್ತಾರೆ. ಬಾಗಿಲು ಹಾಕಿಕೊಂಡ ಅವರ ಹೆಂಡತಿ ರುಕಯ್ಯಾ ನೇರವಾಗಿ ಅಡುಗೆಮನೆಗೆ ಬರುತ್ತಾಳೆ. ರೊಟ್ಟಿ ತಟ್ಟಲಿಕ್ಕಲ್ಲ. ಊಟದ ಮೇಜಿನ ಮೇಲಿನ ಉಪ್ಪಿನಕಾಯಿ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ, ಮೇಜನ್ನೊಮ್ಮೆ ಒರೆಸಿ, ಲ್ಯಾಪ್‌ಟಾಪ್ ತೆರೆದು ಕನ್ನಡಕ ಏರಿಸುತ್ತಾಳೆ. ಪರದೆಯ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಹಳೆಯ ಹಾಳೆಯೊಂದು ಮೂಡುತ್ತದೆ. ಕೆನಡಾದ ಕ್ವಿಬೆಕ್ ಸೀಮೆಯ ಯಾವುದೋ ಹಳ್ಳಿಯ ಇಗರ್ಜಿಯಲ್ಲಿ, ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ, ಪಾದ್ರಿಯೊಬ್ಬರು ಫ್ರೆಂಚಿನಲ್ಲಿ ಗೀಚಿಟ್ಟ ಹಾಳೆ.

'ಇವತ್ತಿನ ಹಾಳೆಯ ಪಾದ್ರಿ ಚಳಿಯಲ್ಲಿ ಬರೆದದ್ದು. ಅಕ್ಷರ ನೋಡಿ, ಕೈ ನಡುಗಿದ್ದು ಗೊತ್ತಾಗ್ತದೆ' ಎಂದು ರುಕಯ್ಯಾ ಹಾಳೆಯನ್ನು ದೊಡ್ಡದು ಮಾಡಿ ತೋರಿಸುತ್ತಾಳೆ. 'ಈ ಪಾದ್ರಿಗೆ ಬೇಸಿಗೆಯಲ್ಲಿ ಅಕ್ಷರ ಭಾರಿ ಚಂದ. ಜನವರಿ ಬಂತೋ, ನನ್ನ ಕಣ್ಣಿಗೆ ಶನಿ.'

ಈ ಹಾಳೆಗಳಲ್ಲಿ ಇರುವುದು ಮೂರೇ ಸಂಗತಿ. ಯಾರು ಹುಟ್ಟಿದರು, ಯಾರು ಯಾರನ್ನು ಮದುವೆಯಾದರು, ಯಾರು ಸತ್ತರು. ರುಕಯ್ಯಾ ಅವನ್ನು ಓದಿ, ಒಬ್ಬೊಬ್ಬರಿಗೂ ಕಂಪ್ಯೂಟರಿನಲ್ಲಿ ಒಂದೊಂದು ಕಾರ್ಡ್ ಮಾಡಿ, ತಂದೆಯ ಕಾರ್ಡಿಗೆ ಮಗನ ಕಾರ್ಡನ್ನೂ ಗಂಡನ ಕಾರ್ಡಿಗೆ ಹೆಂಡತಿಯದ್ದನ್ನೂ ಜೋಡಿಸುತ್ತಾಳೆ. ಹೀಗೆ ಕೊಂಡಿ ಬೆಸೆಯುತ್ತ ಹೋದರೆ ಒಂದು ದಿನ ಅದು ಒಂದು ಕುಟುಂಬದ ವಂಶಾವಳಿಯಾಗುತ್ತದೆ. ಆ ಕುಟುಂಬದವರು ಮಾಂಟ್ರಿಯಲ್‌ನ ಸಂಸ್ಥೆಯೊಂದರಿಂದ ಅದನ್ನು ಪಡೆದು, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುತ್ತಾರೆ. ತಮ್ಮ ಎಂಟನೇ ತಲೆಯ ಅಜ್ಜನನ್ನು ಹುಡುಕಿ ಕೊಟ್ಟವಳು ಸೌದಿಯ ಅಡುಗೆಮನೆಯಲ್ಲಿ ಕೂತ ಮಂಗಳೂರು ಕಡೆಯ ಬ್ಯಾರಿ ಹೆಂಗಸು ಎಂಬುದು ಅವರ ಕನಸಿಗೂ ಬರುವುದಿಲ್ಲ.

ಖತೀಫಿನಲ್ಲಿ ಬೆಳಗಾಗುವಾಗ ಮಾಂಟ್ರಿಯಲ್‌ನಲ್ಲಿ ಹಿಂದಿನ ದಿನದ ರಾತ್ರಿ. ಅಲ್ಲಿನ ಮೇಲ್ವಿಚಾರಕಿ ಸೊಲಾಂಜ್ ಮಲಗುವ ಮುಂಚೆ ಹಾಳೆಗಳನ್ನು ಕಳಿಸಿ, ಒಂದೆರಡು ಮಾತು ಬರೆದು ಹೋಗುತ್ತಾಳೆ. ಅವಳು ಎದ್ದು ನೋಡುವ ಹೊತ್ತಿಗೆ ರುಕಯ್ಯಾ ನೂರೈವತ್ತಕ್ಕೂ ಮಿಕ್ಕಿ ಹೆಸರು ಮುಗಿಸಿ, ಮಗಳು ಶಹಾನಾಳನ್ನು ಶಾಲೆಯ ವ್ಯಾನು ಹತ್ತಿಸಿ, ಮೀನು ಸಾರೂ ಮಾಡಿಟ್ಟಿರುತ್ತಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ.

ಫ್ರೆಂಚ್ ಎಲ್ಲಿಂದ ಬಂತು ಎಂದು ಕೇಳಿದರೆ ರುಕಯ್ಯಾ ನಗುತ್ತಾಳೆ. 'ಮಾರ್ಕಿಗೆ ಬೇಕಾಗಿ! ಮಂಗಳೂರಲ್ಲಿ ಕಾಲೇಜಿಗೆ ಸೇರುವಾಗ ಫ್ರೆಂಚ್ ತಗೊಂಡ್ರೆ ಮಾರ್ಕ್ ಭಾರಿ ಬರ್ತದೆ ಅಂತ ಎಲ್ಲರೂ ಹೇಳಿದ್ರು. ನಾನೂ ತಗೊಂಡೆ. ಪಾಠ ಮಾಡುವ ಸಿಸ್ಟರ್ ಒಳ್ಳೆಯವರು, ನಂಗೆ ಅದು ಹಿಡಿದುಬಿಟ್ಟಿತು. ಬಾಪ ಕೇಳ್ತಿದ್ರು, ಇದನ್ನು ಕಲ್ತು ನೀನು ಯಾರ ಹತ್ರ ಮಾತಾಡುದು ಅಂತ.'

ಆ ಬಾಪ, ಅಂದರೆ ಅವಳ ತಂದೆ, ದೇರಳಕಟ್ಟೆಯ ಬಾವ ಎಂಬ ಹೆಸರಿನ ಗುಜರಿ ವ್ಯಾಪಾರಿ. ಮಗಳು ಡಿಗ್ರಿ ಮುಗಿಸಿ ಮಂಗಳೂರಿನ ಪುಟ್ಟ ಡಾಟಾ ಎಂಟ್ರಿ ಕಚೇರಿಯೊಂದಕ್ಕೆ ಸೇರಿದಾಗ ಅಲ್ಲಿಗೆ ಹೊಸದಾಗಿ ಬಂದಿದ್ದ ಕೆಲಸವೇ ಈ ಇಗರ್ಜಿ ದಫ್ತರಗಳದ್ದು. ಫ್ರೆಂಚ್ ಬಲ್ಲ ನಾಲ್ಕೈದು ಹುಡುಗಿಯರನ್ನು ಒಂದು ಕೋಣೆಯಲ್ಲಿ ಕೂರಿಸಿ ಓದಿಸುತ್ತಿದ್ದರು. ಮದುವೆಯಾಗಿ ರುಕಯ್ಯಾ ಸೌದಿಗೆ ಹೊರಟಾಗ ಕಚೇರಿಯವರು ಬಿಡಲೊಪ್ಪಲಿಲ್ಲ. 'ಕಂಪ್ಯೂಟರ್ ತಗೊಂಡು ಹೋಗು, ಅಲ್ಲಿಂದಲೇ ಮಾಡು' ಎಂದರು. ಅಂದಿನಿಂದ ಖತೀಫಿನ ಈ ಮೇಜೇ ಅವಳ ಕಚೇರಿ. ಸಂಬಳ ಈಗಲೂ ಮಂಗಳೂರಿನಲ್ಲೇ ಅವಳ ಖಾತೆಗೆ ಬೀಳುತ್ತದೆ.

ಮೊದಮೊದಲು ಎಲ್ಲರಿಗೂ ತಲೆ ಕೆಡಿಸಿದ್ದು ಅಲ್ಲಿನ ಹೆಸರುಗಳು. ಹಾಳೆ ತಿರುವಿದಷ್ಟೂ ಹೆಣ್ಣುಮಕ್ಕಳೆಲ್ಲ ಮರೀ, ಗಂಡುಮಕ್ಕಳೆಲ್ಲ ಜೋಸೆಫ್. ಉಳಿದ ಹುಡುಗಿಯರು ಒಂದೇ ಮನೆಯಲ್ಲಿ ಆರು ಜೋಸೆಫ್‌ಗಳೇ ಎಂದು ತಬ್ಬಿಬ್ಬಾದರೆ, ರುಕಯ್ಯಾಗೆ ಅದು ತೊಡಕೆನಿಸಲೇ ಇಲ್ಲ.

'ನಮ್ಮಲ್ಲಿ ಎಲ್ಲ ಗಂಡುಮಕ್ಕಳ ಮುಂದೆ ಮುಹಮ್ಮದ್ ಇಲ್ವಾ? ಮನೆಯಲ್ಲಿ ಮುಹಮ್ಮದ್ ಅಂತ ಯಾರು ಕೂಗುದು? ಹಿಂದೆ ಇನ್ನೊಂದು ಹೆಸರು ಉಂಟಲ್ಲ, ಅದೇ ಅವನ ಹೆಸರು. ಅವರದ್ದೂ ಹಾಗೇ. ಜ್ಞಾನಸ್ನಾನ ಮಾಡುವಾಗ ಬರ್ಕತ್ತಿಗೆ ಒಂದು ಮರೀ, ಒಂದು ಜೋಸೆಫ್. ಕೂಗ್ಲಿಕ್ಕೆ ಬೇರೆ.'

ಎರಡನೆಯದು ಹೆಂಗಸರ ವಿಷಯ. ಫ್ರೆಂಚ್ ಕೆನಡಾದ ಆ ಹಳೆಯ ದಫ್ತರಗಳಲ್ಲಿ ಹೆಂಗಸು ಮದುವೆಯಾದ ಮೇಲೂ ಗಂಡನ ಮನೆತನದ ಹೆಸರಿಗೆ ಹೋಗುವುದಿಲ್ಲ. ಹುಟ್ಟಿದಾಗ ಯಾವ ಹೆಸರೋ ಮಣ್ಣಾಗುವಾಗಲೂ ಅದೇ ಹೆಸರು, 'ಇಂಥವನ ಹೆಂಡತಿ' ಎಂಬುದು ಪಕ್ಕದಲ್ಲಿ ಅಷ್ಟೆ. ಹಾಗೆ ಬರೆಯದೇ ಇದ್ದಿದ್ದರೆ ತಾಯಂದಿರ ಕಡೆಯ ಕೊಂಡಿಯೆಲ್ಲ ತಪ್ಪಿಹೋಗುತ್ತಿತ್ತು ಎನ್ನುತ್ತಾಳೆ ಅವಳು. 'ನಂದೂ ಹಾಗೇ ಅಲ್ವಾ? ಪಾಸ್‌ಪೋರ್ಟಲ್ಲಿ, ಇಲ್ಲಿ ಇರ್ಲಿಕ್ಕೆ ಕೊಡುವ ಇಕಾಮಾ ಕಾರ್ಡಲ್ಲಿ ನನ್ನ ಹೆಸರಿನ ಹಿಂದೆ ಬಾಪನ ಹೆಸರೇ ಇರುದು. ಇವರದ್ದು ಇಲ್ಲ.'

ಮೂರನೆಯದು ಅವಳಿಗೆ ತುಂಬ ಇಷ್ಟವಾದದ್ದು. ಕ್ವಿಬೆಕ್ಕಿನ ಮನೆತನಗಳಿಗೆ ಎರಡೆರಡು ಹೆಸರು. ಮೊದಲು ಮನೆತನದ್ದು, ನಡುವೆ 'ಎಂದು ಕರೆಯುವ' ಎಂಬರ್ಥದ 'ದಿ' ಎಂಬ ಪುಟ್ಟ ಫ್ರೆಂಚ್ ಪದ, ಆಮೇಲೆ ಊರು ಇಟ್ಟ ಅಡ್ಡಹೆಸರು. ಗೋದ್ರೋ ದಿ ಲಾಪ್ಲಾಂತ್ ಎಂದರೆ ಮನೆತನ ಗೋದ್ರೋ, ಜನ ಕರೆಯುವುದು ಲಾಪ್ಲಾಂತ್. ಫ್ರಾನ್ಸಿನಿಂದ ಬಂದ ಸಿಪಾಯಿಗಳಿಗೆ ಪಡೆಯಲ್ಲಿ ಇಡುತ್ತಿದ್ದ ಹೆಸರುಗಳು ಎಷ್ಟೋ ಮನೆಗೆ ಹಾಗೇ ಅಂಟಿಕೊಂಡವು. ಒಂದು ತಲೆಮಾರು ಮೊದಲನೆಯದನ್ನು ಬರೆಸಿದರೆ ಇನ್ನೊಂದು ಎರಡನೆಯದನ್ನು ಬರೆಸುತ್ತದೆ. ಒಡಹುಟ್ಟಿದ ಇಬ್ಬರು ಬೇರೆ ಬೇರೆ ಹೆಸರಿನಲ್ಲಿ ಸಾಯುವುದೂ ಉಂಟು, ಸಂಬಂಧವೇ ಇಲ್ಲದ ಎರಡು ಮನೆಗಳಿಗೆ ಒಂದೇ ಅಡ್ಡಹೆಸರು ಇರುವುದೂ ಉಂಟು.

'ನಮ್ಮ ಊರಲ್ಲಿ ಬಾವ ಅಂತ ಕೇಳಿ, ಹತ್ತು ಮನೆ ತೋರಿಸ್ತಾರೆ' ಎನ್ನುತ್ತಾಳೆ ರುಕಯ್ಯಾ. 'ತಕ್ಕಡಿ ಬಾವ ಅಂತ ಕೇಳಿ, ಸೀದಾ ನಮ್ಮ ಮನೆಗೆ ತಂದು ಬಿಡ್ತಾರೆ. ಗುಜರಿ ತೂಗುವ ತಕ್ಕಡಿ. ನಾನು ಡಿಗ್ರಿ ಮಾಡಿದ್ರೂ ಊರಿನವರಿಗೆ ತಕ್ಕಡಿಯವರ ಮಗಳೇ. ಹಾಗಾದ್ರೆ ನನ್ನ ಬಾಪ ಬಾವ ದಿ ತಕ್ಕಡಿ!'

ಕೆಲಸ ಕೇಳಲಿಕ್ಕೆ ಹಗುರ, ಮಾಡಲಿಕ್ಕೆ ಹಾಗಿಲ್ಲ. ಶಾಯಿ ಹಬ್ಬಿದ, ಹುಳ ತಿಂದ, ನೀರು ಕುಡಿದ ಹಾಳೆಗಳನ್ನು ದಿನವೂ ದಿಟ್ಟಿಸಿ ಅವಳ ಕನ್ನಡಕದ ಗಾಜು ವರ್ಷ ವರ್ಷ ದಪ್ಪವಾಗುತ್ತಿದೆ. ಕುತ್ತಿಗೆ ಹಿಡಿದುಕೊಂಡರೆ ಎರಡು ದಿನ ಬಿಡುವುದಿಲ್ಲ. ಬೇಸಿಗೆಯಲ್ಲಿ ಅಡುಗೆಮನೆಗೆ ಏಸಿ ಇಲ್ಲ, ಏಸಿ ಇರುವ ಕೋಣೆಯಲ್ಲಿ ಮಗಳು ಮಲಗಿರುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ತಾನು ಮಾಡುವುದೇನು ಎಂದು ಯಾರಿಗೂ ಬಿಡಿಸಿ ಹೇಳಲಾಗದ ಕಷ್ಟ. ನಝೀಮ್ ತಮ್ಮ ಗೆಳೆಯರಿಗೆ 'ಅವಳದ್ದು ಏನೋ ಕಂಪ್ಯೂಟರ್ ಕೆಲಸ' ಎಂದು ಕೈ ತೊಳೆದುಕೊಳ್ಳುತ್ತಾರೆ. ಪಕ್ಕದ ಮನೆಯ ಹೈದರಾಬಾದಿನ ಹೆಂಗಸಿಗಂತೂ ಇವಳು ದಿನಾ ಸತ್ತವರ ಹೆಸರು ಬರೆಯುತ್ತಾಳೆ ಎಂದು ತಿಳಿದಂದಿನಿಂದ ಒಂದು ಬಗೆಯ ಅಂಜಿಕೆ.

ಹಾಳೆಗಳಲ್ಲಿ ಅವಳಿಗೆ ಸಹಿಸಲು ಕಷ್ಟವಾಗುವುದು ಕೂಸುಗಳ ಸಾವು. ಆ ಕಾಲದಲ್ಲಿ ಪಟ್ಟಣದ ಸನ್ಯಾಸಿನಿಯರ ಮಠದ ಬಾಗಿಲಲ್ಲಿ ಹಸುಗೂಸುಗಳನ್ನು ಬಿಟ್ಟುಹೋಗುತ್ತಿದ್ದರು. ಸನ್ಯಾಸಿನಿಯರು ಅವನ್ನೆತ್ತಿ, ಹೆಸರಿಟ್ಟು, ಹಳ್ಳಿಗಳಲ್ಲಿ ಮೊಲೆಹಾಲು ಇರುವ ಬಾಣಂತಿಯರ ಬಳಿಗೆ ಸಾಕಲು ಕಳಿಸುತ್ತಿದ್ದರು. ಬಹಳಷ್ಟು ಕೂಸುಗಳು ಉಳಿಯುತ್ತಿರಲಿಲ್ಲ. 'ಒಂದೊಂದು ದಿನ ಪೂರಾ ಪುಟ ಅವೇ. ಆಗ ಸ್ವಲ್ಪ ಎದ್ದು ಹೋಗಿ ಶಹಾನಾ ಮಲಗಿದ್ದನ್ನು ನೋಡಿ ಬರ್ತೇನೆ' ಎನ್ನುತ್ತಾಳೆ. ಇಂಥ ಒಂದು ಕೂಸೇ, ಎರಡು ಸಾವಿರದ ಹತ್ತೊಂಬತ್ತರ ಆರಂಭದಲ್ಲಿ, ಅವಳ ಕೆಲಸಕ್ಕೇ ಕುತ್ತು ತಂದಿತು.

ಅದು ತೆರೇಸ್ ಎಂಬ ಎಂಬತ್ತೆಂಟರ ವೃದ್ಧೆ ಮಾಡಿಸುತ್ತಿದ್ದ ವಂಶಾವಳಿ. ಸಾಮಾನ್ಯವಾಗಿ ಗಿರಾಕಿಗಳ ಸುದ್ದಿ ಹಾಳೆ ಓದುವವರ ತನಕ ಬರುವುದಿಲ್ಲ. ಇವರದ್ದು ಮಾತ್ರ ಬಂತು, ಯಾಕೆಂದರೆ ಇವರಿಗೆ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ. ತಮ್ಮ ಮನೆತನದ ಮೊದಲಿಗ ಅಂತ್ವಾನ್ ಎಂಬವನು ಬುಟ್ಟಿಯಲ್ಲಿ ಬಂದ ಕೂಸು, ಅವನಿಗೆ ಅಪ್ಪ ಅಮ್ಮ ಯಾರೆಂದು ದೇವರಿಗೇ ಗೊತ್ತು ಎಂದು ತೆರೇಸ್‌ಳನ್ನು ಸಾಕಿ ಬೆಳೆಸಿದ ಅಜ್ಜಿ ಹೇಳುತ್ತಿದ್ದಳಂತೆ. ಮನೆಯಲ್ಲಿ ಉಳಿದವರೆಲ್ಲ ಅದನ್ನು ಅಜ್ಜಿಕಥೆ ಎಂದು ನಗುತ್ತಿದ್ದರು. ಅಜ್ಜಿ ಹೇಳಿದ್ದು ನಿಜವೋ ಸುಳ್ಳೋ, ಅದಷ್ಟು ತಿಳಿದರೆ ಸಾಕಿತ್ತು ತೆರೇಸ್‌ಗೆ. ಜುಲೈ ತಿಂಗಳಲ್ಲಿ ಕುಟುಂಬದವರೆಲ್ಲ ಸೇರಿ ಇಗರ್ಜಿಯ ಅಂಗಳದಲ್ಲಿ ಮೊದಲಿಗನ ಹೆಸರಿನ ಕಲ್ಲು ನಿಲ್ಲಿಸುವವರಿದ್ದರು.

ರುಕಯ್ಯಾ ಆ ಕೂಸನ್ನು ಹುಡುಕಿ ತೆಗೆದಳು. ಮಠದಲ್ಲಿ ಜ್ಞಾನಸ್ನಾನವಾದ ಅಂತ್ವಾನ್. ಅವನನ್ನು ಹಳ್ಳಿಯ ಮರೀ ಜೋಸೆಫ್ತ್ ಎಂಬ ಬಾಣಂತಿಗೆ ಒಪ್ಪಿಸಿದ್ದರು, ಆಕೆ ಗೋದ್ರೋ ದಿ ಲಾಪ್ಲಾಂತ್ ಮನೆಯ ಸೊಸೆ. ಆಕೆಗೆ ಅದೇ ವರ್ಷ ಹುಟ್ಟಿದ ಮಗಳು ಉರ್ಸುಲ್. ಒಂದು ಮೊಲೆ ಮಗಳಿಗೆ, ಒಂದು ಈ ಕೂಸಿಗೆ. ಕೂಸು ಸಾಯಲಿಲ್ಲ, ಮಠಕ್ಕೆ ವಾಪಸು ಹೋಗಲೂ ಇಲ್ಲ, ಆ ಮನೆಯಲ್ಲೇ ಬೆಳೆಯಿತು. ರುಕಯ್ಯಾಗೆ ಖುಷಿಯೋ ಖುಷಿ. ಇನ್ನು ಅವನ ಮದುವೆಯೊಂದು ಸಿಕ್ಕಿಬಿಟ್ಟರೆ ಅಜ್ಜಿಯ ಮಾತು ಗೆದ್ದ ಹಾಗೆ.

ಮದುವೆಯ ಪುಟವೂ ಸಿಕ್ಕಿತು. ವರ, ಅಂತ್ವಾನ್ ದಿ ಲಾಪ್ಲಾಂತ್. ವರನ ತಂದೆತಾಯಿಯ ಸಾಲಿನ ಮೇಲೆ ನೀರು ಬಿದ್ದು ಅಕ್ಷರ ಅಳಿಸಿತ್ತು. ವಧುವಿನ ಹೆಸರು ಮಾತ್ರ ಸ್ಪಷ್ಟವಾಗಿತ್ತು. ಉರ್ಸುಲ್, ಮರೀ ಜೋಸೆಫ್ತ್‌ಳ ಮಗಳು.

'ಆ ಸಾಲನ್ನು ಮೂರು ಸಲ ಓದಿದೆ' ಎನ್ನುತ್ತಾಳೆ ರುಕಯ್ಯಾ. 'ಒಂದೇ ತಾಯಿಯ ಹಾಲು ಕುಡಿದವರು ಅಣ್ಣ ತಂಗಿ. ಅವರಿಗೆ ಮದುವೆ ಅಂದ್ರೆ ಎಂತ? ನಂಗೆ ಯೋಚನೆ ಮಾಡ್ಲಿಕ್ಕೂ ಆಗ್ಲಿಲ್ಲ. ಇವನು ಬೇರೆ ಅಂತ್ವಾನ್ ಅಂತ ನಿಶ್ಚಯ ಮಾಡಿಬಿಟ್ಟೆ.'

ಅವಳು ಹಾಗೆ ನಿಶ್ಚಯಿಸಲು ಮನೆಯಲ್ಲೇ ಕಾರಣವಿತ್ತು. ಅವಳ ಅತ್ತೆ ಜಮೀಲಮ್ಮ ಹಿಂದೊಮ್ಮೆ ಮಗಳು ರಶೀದಾಳಿಗೆ ಹಾಲೂಡಿಸುತ್ತಿದ್ದಾಗ, ಪಕ್ಕದ ಮನೆಯ ಬಾಣಂತಿಗೆ ವಿಷಮಜ್ವರ ಬಂದು, ಅವಳ ಮಗು ಅಬ್ದುಸ್ಸಲಾಮನಿಗೂ ತಿಂಗಳುಗಟ್ಟಲೆ ಹಾಲು ಕೊಟ್ಟು ಬದುಕಿಸಿದವರು. ಹುಡುಗ ದೊಡ್ಡವನಾಗಿ ಸೌದಿಗೆ ಬಂದು ಬುರೈದಾದಲ್ಲಿ ಖರ್ಜೂರದ ವ್ಯಾಪಾರಕ್ಕೆ ನಿಂತ. ಏನೂ ಅರಿಯದ ಮದುವೆ ದಲ್ಲಾಳಿಯೊಬ್ಬ ಅವನಿಗೆ ರಶೀದಾಳನ್ನು ಕೇಳಿಕೊಂಡು ಬಂದಾಗ ಜಮೀಲಮ್ಮ ಆ ದಲ್ಲಾಳಿಗೆ ಚಾ ಕುಡಿದು ಮುಗಿಸಲೂ ಬಿಡಲಿಲ್ಲ. ಅಬ್ದುಸ್ಸಲಾಮ್ ಇವತ್ತಿಗೂ ಜಮೀಲಮ್ಮನನ್ನು ಉಮ್ಮಾ ಎಂದೇ ಕರೆಯುತ್ತಾನೆ. ಅವನು ಮನೆಗೆ ಬಂದರೆ ರಶೀದಾ ತಲೆಗೆ ಶಾಲು ಹುಡುಕಿಕೊಂಡು ಒಳಗೆ ಓಡುವುದಿಲ್ಲ, ಅಣ್ಣನ ಎದುರು ಯಾರು ಓಡುತ್ತಾರೆ?

ಹೀಗೆ ರುಕಯ್ಯಾ ಒಬ್ಬ ಅಂತ್ವಾನನನ್ನು ಇಬ್ಬರನ್ನಾಗಿ ಒಡೆದಳು. ಹಾಲು ಕುಡಿದ ಅನಾಥ ಕೂಸಿನ ಕಾರ್ಡನ್ನು ಅಲ್ಲಿಗೇ ನಿಲ್ಲಿಸಿದಳು. ಮದುವೆಯಾದ ಅಂತ್ವಾನನಿಗೆ ತಂದೆತಾಯಿ ಬೇಕಲ್ಲ, ಹುಡುಕಿದಳು. ನದಿಯ ಆಚೆ ದಡದ ಊರಿನಲ್ಲಿ ಲಾಪ್ಲಾಂತ್ ಎಂಬ ಅಡ್ಡಹೆಸರಿನದೇ ಇನ್ನೊಂದು ಮನೆತನವಿತ್ತು, ಅಲ್ಲೂ ಅದೇ ವಯಸ್ಸಿನ ಒಬ್ಬ ಅಂತ್ವಾನ್ ಹುಟ್ಟಿದ್ದ. ಅವನನ್ನು ತಂದು ಉರ್ಸುಲ್‌ಳ ಪಕ್ಕಕ್ಕೆ ಜೋಡಿಸಿದಳು. ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಂಡಿತು. ವಂಶಾವಳಿ ತೆರೇಸ್‌ಳ ಮನೆಗೆ ಹೋಯಿತು. ನಿಮ್ಮ ಮೊದಲಿಗ ಅನಾಥನಲ್ಲ, ನದಿಯಾಚೆಯ ಒಳ್ಳೆಯ ರೈತ ಕುಟುಂಬದವನು, ಅಜ್ಜಿಯ ಮಾತಿಗೆ ಆಧಾರ ಸಿಗಲಿಲ್ಲ ಎಂಬ ಒಕ್ಕಣೆಯೂ ಜತೆಗೆ ಹೋಯಿತು.

ಏಪ್ರಿಲ್‌ನಲ್ಲಿ ಜಮೀಲಮ್ಮ ವಿಸಿಟ್ ವೀಸಾದಲ್ಲಿ ಖತೀಫಿಗೆ ಬಂದರು. ಸುದ್ದಿ ತಿಳಿದ ಅಬ್ದುಸ್ಸಲಾಮ್ ಒಂದು ಶುಕ್ರವಾರ ಬುರೈದಾದಿಂದ ಖರ್ಜೂರದ ಪೆಟ್ಟಿಗೆ ಹೊತ್ತು ಬಂದು, ಉಮ್ಮನ ಕಾಲ ಬುಡದಲ್ಲಿ ಕೂತು ಮಾತಾಡಿ ಹೋದ. ಸಂಜೆ ಕೆಳಗಿನ ಮಹಡಿಯ ಹಿಲ್ಡಾ ಬಾಯಿ ಚಾಕ್ಕೆ ಬಂದಿದ್ದರು. ಹಿಲ್ಡಾ ಬೆಳ್ಮಣ್ ಕಡೆಯ ಕ್ಯಾಥೊಲಿಕ್ ಹೆಂಗಸು, ಆಸ್ಪತ್ರೆಯೊಂದರಲ್ಲಿ ನರ್ಸ್. ಮೂವರ ಮಾತೂ ಊರಿನ ತುಳುವಿನಲ್ಲಿ. ಜಮೀಲಮ್ಮ ಖರ್ಜೂರ ಮುಂದಿಟ್ಟು ಅಬ್ದುಸ್ಸಲಾಮನ ಗುಣಗಾನ ಮಾಡಿದರು.

'ಅಷ್ಟು ಒಳ್ಳೆ ಹುಡುಗ ಆದ್ರೆ ರಶೀದಾನ್ನ ಅವನಿಗೇ ಕೊಡಬಹುದಿತ್ತಲ್ಲ' ಎಂದರು ಹಿಲ್ಡಾ.

'ಅಲ್ಲಾಹ್! ಎಂತ ಹೇಳ್ತೀರಿ ಬಾಯಿ? ಅವನಿಗೆ ನಾನು ಹಾಲು ಕೊಟ್ಟಿದ್ದೇನೆ. ಅವರು ಅಣ್ಣ ತಂಗಿ ಅಲ್ವಾ?'

'ಹೌದಾ? ನಿಮ್ಮಲ್ಲಿ ಹಾಗುಂಟಾ?' ಹಿಲ್ಡಾ ಬಾಯಿಗೆ ನಿಜಕ್ಕೂ ಆಶ್ಚರ್ಯ. 'ನಮ್ಮಲ್ಲಿ ಹಾಲಿನ ಲೆಕ್ಕ ಇಲ್ಲ. ಪಾದ್ರಿ ಕೇಳುದು ರಕ್ತಸಂಬಂಧ ಮಾತ್ರ. ಮತ್ತೆ ಹಿಂದಿನ ಕಾಲದಲ್ಲಿ, ಜ್ಞಾನಸ್ನಾನದಲ್ಲಿ ಮಗುವನ್ನು ಹಿಡಿದವರು ಆ ಮಗುವನ್ನು ಮದುವೆ ಆಗ್ಬಾರ್ದು ಅಂತ ಇತ್ತು. ಹಾಲು ಯಾರು ಕೊಟ್ಟದ್ದು ಅಂತ ಕೇಳ್ಲಿಕ್ಕೆ ಯಾರಿಗೆ ಪುರುಸೊತ್ತು?'

ಅತ್ತೆಯೂ ಹಿಲ್ಡಾ ಬಾಯಿಯೂ ಮಾತು ಮುಂದುವರಿಸಿದರು. ರುಕಯ್ಯಾ ಆಗಲೇ ಎದ್ದು ಹೋಗಿದ್ದಳು. ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಅಂತ್ವಾನನ ಪುಟಗಳನ್ನು ಮತ್ತೆ ಮೊದಲಿನಿಂದ ನೋಡುತ್ತಿದ್ದಳು. ನದಿಯಾಚೆಯ ಅಂತ್ವಾನನನ್ನು ಈಚೆ ದಡಕ್ಕೆ ತಂದ ಒಂದೇ ಒಂದು ಆಧಾರವೂ ಅಲ್ಲಿರಲಿಲ್ಲ. ತಂದವಳು ಅವಳೇ. ಮನೆಯಲ್ಲಿ ಬೆಳೆದ ಹುಡುಗ ಮನೆಯ ಅಡ್ಡಹೆಸರನ್ನು ಹಾಕಿಕೊಂಡು, ಜತೆಯಲ್ಲೇ ಬೆಳೆದ ಹುಡುಗಿಯನ್ನು ಮದುವೆಯಾಗಿದ್ದ. ಇಷ್ಟೇ ವಿಷಯ. ಅಜ್ಜಿ ಹೇಳಿದ್ದು ನಿಜವಿತ್ತು, ಅದನ್ನು ಸುಳ್ಳು ಮಾಡಿದ್ದು ರುಕಯ್ಯಾ.

'ಊಟ ಸೇರ್ಲಿಲ್ಲ' ಎನ್ನುತ್ತಾಳೆ. 'ಇವರು ಬಂದು ಕೇಳಿದ್ರು, ಇನ್ನೂರು ವರ್ಷ ಆಯ್ತಲ್ಲ ಮಾರಾಯ್ತಿ, ಸತ್ತವರಿಗೆ ಇನ್ನು ಎಂತ ಆಗ್ಲಿಕ್ಕುಂಟು ಅಂತ. ನಾನು ಹೇಳಿದೆ, ಸತ್ತವರಿಗಲ್ಲ, ಒಂದು ಮುದುಕಿ ಬದುಕಿದ್ದಾಳಲ್ಲ. ನಿನ್ನ ಅಜ್ಜಿ ಸುಳ್ಳು ಹೇಳಿದ್ದು ಅಂತ ಅವಳಿಗೆ ನಾವು ಬರೆದು ಕಳಿಸಿದ್ದು. ಅವಳು ಹಾಗೇ ತಿಳ್ಕೊಂಡು ಕಣ್ಣು ಮುಚ್ಚಿದ್ರೆ?'

ಹೇಳಿದರೆ ಆಗುವುದೇನೆಂದು ಅವಳಿಗೆ ಗೊತ್ತಿತ್ತು. ಗಿರಾಕಿಯ ಕೈಸೇರಿದ ವಂಶಾವಳಿಯಲ್ಲಿ ತಪ್ಪು ಬಂದರೆ ಓದಿದವರನ್ನು ಕೆಲಸದಿಂದ ತೆಗೆಯುವುದು ಅಲ್ಲಿನ ಕ್ರಮ. ಮಂಗಳೂರಿನ ಕಚೇರಿಗೆ ಕೆಟ್ಟ ಹೆಸರು, ಅಲ್ಲಿ ಇದೇ ಕೆಲಸ ನಂಬಿದ ಹುಡುಗಿಯರಿಗೂ ತೊಂದರೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ತಪಾಸಣೆ ಮಾಡುವವರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಮಾರನೆಯ ದಿನ ಸುಬ್ಹಿ ನಮಾಝ್ ಮುಗಿಸಿ ಬಂದವಳು ಸೊಲಾಂಜ್‌ಗೆ ಬರೆದಳು: ನಾನು ಒಬ್ಬ ಮನುಷ್ಯನನ್ನು ಇಬ್ಬರನ್ನಾಗಿ ಮಾಡಿದ್ದೇನೆ, ಕಲ್ಲು ಕೆತ್ತುವುದನ್ನು ನಿಲ್ಲಿಸಿ.

ಸೊಲಾಂಜ್ ಇನ್ನೂ ಮಲಗಿರಲಿಲ್ಲ. ಅವಳಿಂದ ಬಂದದ್ದು ಒಂದೇ ಪದ, ಯಾಕೆ? ಆ ಯಾಕೆಗೆ ಉತ್ತರವಾಗಿ ಜಮೀಲಮ್ಮನ ಕಥೆ, ಅಬ್ದುಸ್ಸಲಾಮನ ಕಥೆ, ಚಾ ಅರ್ಧಕ್ಕೆ ಬಿಟ್ಟು ಎದ್ದುಹೋದ ದಲ್ಲಾಳಿಯ ಕಥೆ, ಎಲ್ಲವನ್ನೂ ಫ್ರೆಂಚಿನಲ್ಲಿ ಬರೆಯಬೇಕಾಯಿತು. ಜೀವಮಾನದಲ್ಲೇ ಅಷ್ಟುದ್ದದ ಫ್ರೆಂಚ್ ತಾನು ಬರೆದಿರಲಿಲ್ಲ ಎನ್ನುತ್ತಾಳೆ ರುಕಯ್ಯಾ. ಅಷ್ಟರಲ್ಲೇ ನಿಲ್ಲಿಸಲಿಲ್ಲ. ತಾನು ಓದಿದ ಹಳೆಯ ಪುಟಗಳಲ್ಲಿ ಹಾಲುಕೂಸುಗಳಿದ್ದ ಕಡೆಗೆಲ್ಲ ಹಿಂದಿರುಗಿ ಹೋಗಿ ನೋಡಿದಳು. ಇದೇ ರೀತಿ ಒಡೆದದ್ದು ಇನ್ನೂ ಎರಡು ಸಿಕ್ಕವು, ಅವನ್ನೂ ತಾನಾಗಿಯೇ ಹೇಳಿದಳು.

'ಮೂರು ಮದುವೆ ಮುರಿದಿದ್ದೆ ಮಾರಾಯ್ರೆ! ಮಕ್ಕಳು ಮೊಮ್ಮಕ್ಕಳು ಆಗಿ ಇನ್ನೂರು ವರ್ಷ ಕಳೆದ ಮೇಲೆ!' ಈಗ ನಗುತ್ತಾಳೆ. ಆಗ ಅತ್ತಿದ್ದಳಂತೆ, ಅದನ್ನು ಹೇಳಿದವರು ಜಮೀಲಮ್ಮ.

ಅಂದೇ ಅವಳ ಪರದೆಗೆ ಹಾಳೆಗಳು ಬರುವುದು ನಿಂತಿತು. ರಂಜಾನ್ ತಿಂಗಳಿಡೀ ಕೆಲಸವಿಲ್ಲ. ಉಪವಾಸ ಹಿಡಿಯುವ ಮುಂಚಿನ ಅತ್ತಾಳದ ಊಟಕ್ಕೆ ಎದ್ದವರೆಲ್ಲ ಸುಬ್ಹಿಯ ನಂತರ ಮಲಗಿದರೆ ಅವಳು ಖಾಲಿ ಮೇಜಿನ ಮುಂದೆ ಕೂತಿರುತ್ತಿದ್ದಳು. ಮಂಗಳೂರಿನಿಂದ ಫೋನು ಮಾಡಿದ ಕಚೇರಿಯ ಯಜಮಾನರು ಬಯ್ಯಲಿಲ್ಲ, ಆದರೆ ಮಾತನ್ನು ಬೇಗ ಮುಗಿಸಿದರು. ಜಮೀಲಮ್ಮ ಮಾತ್ರ ಸೊಸೆಯ ತಲೆ ಸವರಿ, 'ನೀನು ಹರಾಮಿಗೆ ಹೆದರಿ ಮಾಡಿದ್ದು, ಅದರಲ್ಲಿ ಕೆಟ್ಟದೆಂತ ಉಂಟು?' ಎಂದರು. ರುಕಯ್ಯಾಗೆ ಅದರಿಂದ ಸಮಾಧಾನವಾಗಲಿಲ್ಲ. 'ಹೆದರಿದ್ದು ನಂದು ಮಾಮಿ, ಮದುವೆ ಅವರದ್ದು' ಎಂದಳಂತೆ.

ಅತ್ತ ಸೊಲಾಂಜ್ ಸುಮ್ಮನೆ ಕೂರಲಿಲ್ಲ. ನೀರು ಬಿದ್ದ ಮೂಲ ಪುಸ್ತಕವನ್ನೇ ದಫ್ತರಖಾನೆಯಲ್ಲಿ ಹೊರತೆಗೆಸಿ, ವಿಶೇಷ ಬೆಳಕಿನಲ್ಲಿ ಹೊಸ ಚಿತ್ರ ತೆಗೆಸಿದಳು. ವರನ ತಂದೆತಾಯಿಯ ಸಾಲಿನಲ್ಲಿ ಅಳಿಸಿಹೋಗಿದ್ದ ಅಕ್ಷರಗಳು ಮಸುಕಾಗಿ ಮೂಡಿದವು: ಯಾರೆಂದು ತಿಳಿಯದು. ಪಾದ್ರಿ ಆಗಲೇ ಬರೆದಿಟ್ಟಿದ್ದರು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ರುಕಯ್ಯಾಳ ಪರದೆಯಲ್ಲಿ ಮತ್ತೆ ಹಾಳೆಗಳು ಬಂದವು, ಎಂದಿನಂತೆ, ಏನೂ ಆಗಿಲ್ಲವೆಂಬ ಹಾಗೆ. ಅವುಗಳ ಕೆಳಗೆ ಸೊಲಾಂಜ್‌ಳ ನಾಲ್ಕು ಸಾಲು. ತೆರೇಸ್‌ಗೆ ತಾನೇ ಫೋನು ಮಾಡಿ ಹೇಳಿದ್ದಾಗಿ ಬರೆದಿದ್ದಳು. ಪಾದ್ರಿ ಬರೆದ ಆ ಸಾಲನ್ನು ಮುದುಕಿ ಎರಡು ಸಲ ಓದಿಸಿಕೊಂಡಳಂತೆ. ಆಮೇಲೆ, 'ಇಷ್ಟು ದಿನ ಅಜ್ಜಿಯ ಫೋಟೊದ ಕಡೆ ಮುಖ ಎತ್ತಿ ನೋಡಲಿಕ್ಕೆ ಆಗುತ್ತಿರಲಿಲ್ಲ. ಈಗ ಹೋಗಿ ನೋಡುತ್ತೇನೆ' ಎಂದು ಹೇಳಿ ಫೋನಿಟ್ಟಳಂತೆ. ತಪ್ಪು ಯಾರದ್ದು ಎಂದು ಅವಳು ಕೇಳಲಿಲ್ಲ, ಸರಿಪಡಿಸಿದವರು ಯಾರು ಎಂದೂ ಕೇಳಲಿಲ್ಲ.

ಇದನ್ನು ಹೇಳುವಾಗ ರುಕಯ್ಯಾ ಕನ್ನಡಕ ತೆಗೆದು ಶಾಲಿನ ತುದಿಯಿಂದ ಒರೆಸುತ್ತಾಳೆ, ಮತ್ತೆ ಹಾಕಿಕೊಂಡು ಒಂದು ಜ್ಞಾನಸ್ನಾನದ ಸಾಲನ್ನು ಓದಿ ಮುಗಿಸುತ್ತಾಳೆ. ಕಲ್ಲಿನ ಫೋಟೊ ಇದೆಯೇ ಎಂದು ಕೇಳಿದರೆ ಮೊಬೈಲ್ ತೆಗೆದು ಕೊಡುತ್ತಾಳೆ. ಸೊಲಾಂಜ್ ಕಳಿಸಿದ್ದು. ಹಸಿರು ಹುಲ್ಲಿನ ಅಂಗಳ, ಅಂಗಿ ಟೋ‍ಪಿಗಳ ದೊಡ್ಡ ಗುಂಪು, ಮುಂದುಗಡೆ ಗಾಲಿಕುರ್ಚಿಯಲ್ಲಿ ಬಿಳಿಕೂದಲಿನ ತೆರೇಸ್, ಅವಳ ಪಕ್ಕದಲ್ಲಿ ಬೂದುಬಣ್ಣದ ಕಲ್ಲು. ಕಲ್ಲಿನಲ್ಲಿ ಅಂತ್ವಾನ್, ಉರ್ಸುಲ್ ಇಬ್ಬರ ಹೆಸರೂ ಅಕ್ಕಪಕ್ಕ. ಉರ್ಸುಲ್‌ಳ ಹೆಸರಿನ ಮೇಲೆ ಅವಳ ತಂದೆಯ ಹೆಸರು, ಮರೀ ಜೋಸೆಫ್ತ್‌ಳ ಹೆಸರು.

ಅಂತ್ವಾನನ ಹೆಸರಿನ ಮೇಲೆ ನದಿಯಾಚೆಯ ಗಂಡಹೆಂಡಿರ ಹೆಸರನ್ನು ಆಗಲೇ ಕೆತ್ತಿ ಆಗಿತ್ತಂತೆ. ಸುದ್ದಿ ಮುಟ್ಟಿದ ಮೇಲೆ ಅದನ್ನು ಉಜ್ಜಿ ತೆಗೆದಿದ್ದಾರೆ. ಉಜ್ಜಿದ ಕಡೆ ಕಲ್ಲು ಒಂದಿಷ್ಟು ತಗ್ಗಾಗಿ, ನುಣ್ಣಗೆ, ಬೋಳಾಗಿ ಕಾಣುತ್ತದೆ. ಮನೆಯ ಹುಡುಗರು ಅಲ್ಲೊಂದು ಹೂವೋ ಬಳ್ಳಿಯೋ ಕೆತ್ತಿಸೋಣ, ನೋಡಲಿಕ್ಕೆ ಚೆನ್ನಾಗಿರುತ್ತದೆ ಎಂದರಂತೆ. ತೆರೇಸ್ ಬೇಡವೆಂದಳು.

ಈ ಕೆಲಸದಲ್ಲಿ ನಿಮ್ಮ ಹೆಸರು ಎಲ್ಲೂ ಬರುವುದಿಲ್ಲವಲ್ಲ, ಬೇಸರವಾಗುವುದಿಲ್ಲವೇ ಎಂದರೆ ರುಕಯ್ಯಾ ತಲೆಯಾಡಿಸುತ್ತಾಳೆ. ಫೋಟೊದಲ್ಲಿ ಆ ಬೋಳು ಜಾಗವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ತೋರಿಸುತ್ತಾಳೆ.

'ನೋಡಿ, ಇಲ್ಲಿ ಎಂತದೂ ಇಲ್ಲ ಅಲ್ವಾ? ಇದು ನಾನು ಮಾಡಿದ್ದು.'